ಮಾಯಬಾರದ ಗಾಯ

ಬದುಕಿನುದ್ದಕ್ಕೂ ಅಂಗಡಿಗಳ ತೂಕದ ಬಟ್ಟು ಪರೀಕ್ಷಿಸಿದ ನಿವೃತ್ತ ಇನ್‌ಸ್ಪೆಕ್ಟರಿಗೆ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ತಲೆಬುಡ ತಿಳಿಯದಾಗಿತ್ತು. ಕಣ್ಣೊಳಗಿನ ಒತ್ತಡ ಏರಿಸುವ ಗ್ಲಾಕೋಮಾ ಎಡಗಣ್ಣನ್ನು ಆಗಲೇ ನುಂಗಿತ್ತು. ಉಳಿದ ಬಲಗಣ್ಣಿಗೆ ಇಂದು ಶಸ್ತ್ರಚಿಕಿತ್ಸೆ.

"ಒಳಗಿನ ನೀರು ಹೊರಗೆ ಬರೋಕೆ ಸಣ್ಣ ಕಿಂಡಿ ಮಾಡ್ತೀವಿ. ಆ ಗಾಯ ಪೂರ್ತಿ ಮಾಯಬಾರದು," ಎಂದಿದ್ದರು ಡಾಕ್ಟರಮ್ಮ. "ಮಾಯ್ದು ಗಟ್ಟಿಯಾದ್ರೆ ಕಿಂಡಿ ಮುಚ್ಚಿ ಮತ್ತೆ ಒತ್ತಡ ಏರುತ್ತೆ."

ಗಾಯ ಮಾಯದಿರಲೆಂದು ಹಾರೈಸುವ ವೈದ್ಯವನ್ನು ಅವರು ಕೇಳಿರಲಿಲ್ಲ. ಗಾಯ ಗಟ್ಟಿಯಾಗುವುದನ್ನು ತಡೆಯುವ ಎರಡು ಔಷಧಿಗಳನ್ನು, ಒಂದು ಜೋರಾದದ್ದು, ಇನ್ನೊಂದು ಸೌಮ್ಯದ್ದು, ಆಸ್ಪತ್ರೆ ಹೋಲಿಸಿ ನೋಡುತ್ತಿತ್ತು. ಯಾರಿಗೆ ಯಾವುದೆಂಬುದು ಚೀಟಿ ಎತ್ತಿಯೇ ತೀರ್ಮಾನ. ಶಿಫಾರಸಿಗೆ ಎಡೆಯಿಲ್ಲದ ಆ ಕ್ರಮ ಮೆಚ್ಚಿಯೇ ಅವರು ಒಪ್ಪಿಗೆಯ ಸಹಿ ಹಾಕಿದ್ದರು.

ಅಷ್ಟರಲ್ಲಿ ಭಾಮೈದ ಬಂದು ಪಕ್ಕದಲ್ಲಿ ಕುಳಿತ. ಶಿಫಾರಸಿಲ್ಲದೆ ಬಸ್ಸನ್ನೂ ಹತ್ತದ ಆಸಾಮಿ.

"ಭಾವ, ನಿಶ್ಚಿಂತೆಯಾಗಿರಿ. ಔಷಧಿ ಕೋಣೆಯವನು ನಮ್ಮವನೇ. ಚೀಟೀಲಿ ಏನೇ ಬರಲಿ, ನಿಮಗೆ ಜೋರಾದ ಔಷಧಿನೇ."

"ಅದು ಕಳ್ಳ ತೂಕ ಕಣಯ್ಯ."

"ಕಣ್ಣು ನಿಮ್ದು ಭಾವ, ಇಲಾಖೇದಲ್ಲ."

ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ಒಂದು ಬಟ್ಟು ಸುಳ್ಳಾದರೆ ಆ ತಕ್ಕಡಿಯಲ್ಲಿ ತೂಗಿದ್ದೆಲ್ಲವೂ ಸುಳ್ಳು. ನಾಳೆ ಈ ಹೋಲಿಕೆಯನ್ನು ನಂಬಿ ಕಣ್ಣೊಪ್ಪಿಸುವವರ ಗತಿಯೇನು? ಆದರೆ ಬಾಯಿಬಿಟ್ಟು ತನ್ನ ಕಣ್ಣೇ ಹೋದರೆ? ಎದ್ದರು, ಕುಳಿತರು, ಮತ್ತೆ ಎದ್ದರು. ಕೊನೆಗೆ ಡಾಕ್ಟರಮ್ಮನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟರು.

ಆಕೆ ಅವರ ಒಪ್ಪಿಗೆ ಪತ್ರವನ್ನು ಕಡತದಿಂದ ತೆಗೆದರು. "ಹೇಳಿದ್ದು ಒಳ್ಳೇದಾಯ್ತು. ಔಷಧಿ ಕೋಣೆಯವನನ್ನ ನಾನು ವಿಚಾರಿಸ್ಕೋತೀನಿ. ನಿಮ್ಮ ಚೀಟೀನ ಇನ್ನು ನಂಬೋ ಹಾಗಿಲ್ಲ, ನಿಮ್ಮನ್ನ ಮಾತ್ರ ಹೋಲಿಕೆಯಿಂದ ಕೈಬಿಡಬೇಕಾಗುತ್ತೆ. ಔಷಧಿ ಈಗ ನಾವಿಬ್ಬರೇ ಆರಿಸ್ಬೇಕು."

"ಯಾವುದು ಒಳ್ಳೇದಮ್ಮ?"

"ಗೊತ್ತಿದ್ದಿದ್ರೆ ಚೀಟಿ ಯಾಕೆ ಎತ್ತಿಸ್ತಿದ್ದೆ? ಜೋರಾದದ್ದು ಕಿಂಡೀನ ಚೆನ್ನಾಗಿ ಕಾಯಬಹುದು. ಆದ್ರೆ ಕಿಂಡಿ ಮೇಲಿನ ಪೊರೆ ತೆಳುವಾಗಿ ಸೋರಬಹುದು, ಒತ್ತಡ ತೀರಾ ಇಳೀಬಹುದು. ಸೌಮ್ಯದ್ದಕ್ಕೆ ಆ ಭಯ ಕಡಿಮೆ. ಆದ್ರೆ ಕಿಂಡಿ ಮುಚ್ಚಿಕೊಳ್ಳಬಹುದು."

ಇನ್‌ಸ್ಪೆಕ್ಟರು ಅಂಗೈಗಳನ್ನು ತಕ್ಕಡಿಯ ತಟ್ಟೆಗಳಂತೆ ಹಿಡಿದು ಕುಳಿತರು. ಯಾವುದೂ ಇಳಿಯಲಿಲ್ಲ. ಆಕೆಯ ನೋಟ ಅವರ ಮುಂಗೈಯ ಉಬ್ಬಿದ ಕಲೆಯ ಮೇಲೆ ನಿಂತಿತು.

"ಇದೇನು?"

"ಕಬ್ಬಿಣದ ಬಟ್ಟು ಬಿದ್ದದ್ದು. ನನಗೆ ಸಣ್ಣ ಗೀರಾದ್ರೂ ಹೀಗೇ ಗಂಟು ಕಟ್ಟುತ್ತೆ."

"ಹಾಗಿದ್ರೆ ಕಣ್ಣಿನ ಗಾಯಾನೂ ಬೇಗ ಗಟ್ಟಿಯಾಗಬಹುದು, ಜೋರಾದದ್ದೇ ಇರಲಿ ಅಂತೀನಿ. ಖಾತ್ರಿ ಕೊಡಲ್ಲ; ಬರೀ ಅಂದಾಜು."

ಅವರು ತಲೆಯಾಡಿಸಿದರು.

ಗಾಲಿಮಂಚ ಹೊರಟಾಗ ಭಾಮೈದ ಪಕ್ಕದಲ್ಲೇ ಹೆಜ್ಜೆ ಹಾಕಿದ. "ಏನಾಯ್ತು ಭಾವ?"

"ಜೋರಾದದ್ದು."

"ಅದನ್ನೇ ತಾನೇ ನಾನೂ ಕೊಡಿಸ್ತೀನಿ ಅಂದಿದ್ದು?"

"ನೀನು ಕದ್ದು ಕೊಡಿಸ್ತಿದ್ದೆ."

"ಅದೇ ಔಷಧಿ, ಅದೇ ಕಣ್ಣು. ವ್ಯತ್ಯಾಸ ಏನು, ಹೇಳಿ."

ವ್ಯತ್ಯಾಸವಿತ್ತು, ಅದರಲ್ಲಿ ಅವರಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಅದನ್ನು ಹೇಳಲೆಂದು ಬಾಯಿ ತೆರೆದರು. ಆದರೆ ಚೀಟಿ ಎತ್ತಿದ್ದರೆ ಸೌಮ್ಯದ್ದೇ ಬರುತ್ತಿತ್ತೇನೋ, ಆಗ ಈ ಮುಂಗೈ ಗಂಟಿನ ಮಾತು ಯಾರಾದರೂ ಎತ್ತುತ್ತಿದ್ದರೇ ಎಂಬ ಯೋಚನೆ ನಡುವೆ ನುಗ್ಗಿ ಮಾತು ಕೈತಪ್ಪಿತು. ಬಾಗಿಲು ಮುಚ್ಚಿತು. ದೊಡ್ಡ ದೀಪವೊಂದು ಬಲಗಣ್ಣಿನ ಮೇಲೆ ಇಳಿದು ಬಂತು. ಇನ್‌ಸ್ಪೆಕ್ಟರು ಇನ್ನೂ ಉತ್ತರ ಹುಡುಕುತ್ತಿದ್ದರು.