ಕೆಳಗಿಂದ ನೋಡಿದ ಹಸಿರು

ಸಿಂಧನೂರಿನಲ್ಲಿ ನಲವತ್ತು ವರ್ಷ ಅಂಗಡಿ ಬೋರ್ಡು ಬರೆದ ಮಕ್ತುಮ್‌ಸಾಬರು ತಮ್ಮ ಕಣ್ಣು ಕೈಕೊಟ್ಟವೆಂದು ನಂಬಿಬಿಟ್ಟಿದ್ದರು. ಬೆಳಿಗ್ಗೆ ಕುಂಚಗಳನ್ನೆಲ್ಲ ತೊಳೆದು ಬಟ್ಟೆಯಲ್ಲಿ ಕಟ್ಟಿ, ಇನ್ನು ಬಣ್ಣದ ಉಸಾಬರಿ ನೀನೇ ನೋಡಿಕೋ ಎಂದು ಮಗಳು ನಸ್ರೀನ್‌ಗೆ ಹೇಳಿದರು.

ಈಗ ಬೋರ್ಡುಗಳನ್ನು ಕಂಪ್ಯೂಟರಿನಲ್ಲಿ ಮಾಡಿ ಫ್ಲೆಕ್ಸಿಗೆ ಕಳಿಸುವವಳು ಅವಳೇ, ನಿಜ. ಬಣ್ಣ ಒಪ್ಪುವುದು ಮಾತ್ರ ಅಪ್ಪ. ಯಾರು ಹೇಳಿದರೂ ಅವರು ಕುರ್ಚಿ ಹತ್ತುವ ಆಸಾಮಿಯಲ್ಲ. ಬೋರ್ಡನ್ನು ಜನ ರಸ್ತೆಯಲ್ಲಿ ನಿಂತು ಕತ್ತೆತ್ತಿ ಓದುತ್ತಾರೆ, ಆದ್ದರಿಂದ ಬರೆದವನೂ ಕೆಳಗಿಂದಲೇ ನೋಡಬೇಕೆಂಬ ಹಟ. ಹೀಗಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಮೇಜಿನ ಮಾನಿಟರನ್ನು ಕತ್ತೆತ್ತಿ ನೋಡುತ್ತಿದ್ದರು. ಹೋದ ತಿಂಗಳು ಹಳೆಯದು ಕೆಟ್ಟು ಸೆಕೆಂಡ್‌ಹ್ಯಾಂಡ್ ಮಾನಿಟರ್ ಬಂದಂದಿನಿಂದ, ಏನು ತೋರಿಸಿದರೂ ಛಲೋ ಐತಿ ಎಂಬುದೊಂದೇ ಮಾತು.

ಮಧ್ಯಾಹ್ನ ಅಪ್ಪನ ಪಕ್ಕ ನೆಲಕ್ಕೆ ಕೂತು ರೊಟ್ಟಿ ಮುರಿಯುವಾಗ ನಸ್ರೀನ್ ಕಣ್ಣು ಮೇಲೆ ಮಾನಿಟರಿನತ್ತ ಹೋಯಿತು. ದಢೇಸುಗೂರಿನ ಆದಪ್ಪನ ಬೀಜದಂಗಡಿಯ ಬೋರ್ಡಿಗೆಂದು ಅವಳು ಹಚ್ಚಿದ್ದ ಎಳೆ ಭತ್ತದ ಹಸಿರು ಅಲ್ಲಿರಲಿಲ್ಲ. ಕಾಲುವೆಯ ರಾಡಿಯಂಥ ಕಪ್ಪಿತ್ತು. ಎದ್ದು ಕುರ್ಚಿಯಲ್ಲಿ ಕೂತರೆ ಹಸಿರು, ನೆಲಕ್ಕೆ ಕುಕ್ಕರಿಸಿದರೆ ರಾಡಿ. ಮೇಲಿಂದ ಬಗ್ಗಿ ನೋಡಿದರೆ ಬಿಳಿಚಿಕೊಂಡಿತು. ಅದೇ ಚಿತ್ರ ಫೋನಿನಲ್ಲಿ ತೆರೆದು ಹೇಗೆ ಓರೆ ಮಾಡಿದರೂ ಬಣ್ಣ ಕದಲಲಿಲ್ಲ.

ಇದು ಐಪಿಎಸ್ ಪ್ಯಾನೆಲ್, ಎಲ್ಲಿಂದ ನೋಡಿದರೂ ಒಂದೇ ಬಣ್ಣ ಎಂದು ಮಾರಿದವನು ಆಣೆ ಮಾಡಿದ್ದ. ಬಂದದ್ದು ಅಗ್ಗದ ಟಿಎನ್ ಪ್ಯಾನೆಲ್. ನೇರ ಎದುರಿಗೆ ಕೂತವರಿಗಷ್ಟೇ ನಿಜ ಹೇಳುವ ನಮೂನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಿದ್ದರೂ ಈ ಮನುಷ್ಯ ತಮ್ಮ ಕಾಲನ್ನೇ ದೂರಿಕೊಂಡಿದ್ದರು.

"ಅಬ್ಬಾಜಾನ್, ನಿಮ್ಮ ಕಣ್ಣಿಗೆ ಏನೂ ಆಗಿಲ್ರಿ. ಈ ಪ್ಯಾನೆಲ್ ಸುಳ್ಳು ತೋರಸಾಕತ್ತೈತಿ," ಎಂದು ನಸ್ರೀನ್ ಅವರ ರಟ್ಟೆ ಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು.

ಮಕ್ತುಮ್‌ಸಾಬರು ಬಹಳ ಹೊತ್ತು ಆ ಹಸಿರನ್ನೇ ನೋಡಿದರು. ತಿಂಗಳಿಡೀ ಅಪ್ಪನಿಗೆ ಕಂಡದ್ದು ರಾಡಿಯೇ ಎಂದು ನಸ್ರೀನ್‌ಗೆ ಆಗ ಹೊಳೆಯಿತು.

"ರಾಡಿ ಕಂಡ್ರೂ ಛಲೋ ಐತಿ ಅಂತ ಯಾಕ ಅಂದ್ರಿ?"

"ನೀ ಹಸರು ಹಚ್ಚೀನಿ ಅಂದಿದ್ದಿ," ಎಂದರು ಅವರು. "ನಿನ್ನ ಕಣ್ಣು ತಪ್ಪಂಗಿಲ್ಲ, ನನ್ನವ ಹೋಗ್ಯಾವ ಅನಕೊಂಡೆ, ಬೇಟಿ."

ನಸ್ರೀನ್‌ಗೆ ಅಲ್ಲೇ ಅಳು ಬಂತು.