ಹುಣಸೆಹಣ್ಣು ಹಚ್ಚಿ ತಿಕ್ಕಿದ ದುರ್ಬೀನು

ನನ್ನ ತವರಿನ ಎಮ್ಮೆಯನ್ನು ಕೊಟ್ಟು ನನ್ನ ಗಂಡ ಒಂದು ಬಂದೂಕು ತಂದರು. ಕೇಳಲಿಲ್ಲ, ಹೇಳಲಿಲ್ಲ. ಬೆಳಿಗ್ಗೆ ಚರಿಗೆ ಹಿಡಿದು ಹಾಲು ಕರೆಯಲು ಹೋದರೆ ಗೂಟದಲ್ಲಿ ಬರೀ ಹಗ್ಗವಿತ್ತು. ಒಳಗೆ ಬಂದು ನೋಡಿದರೆ ಈ ಮನುಷ್ಯ ಉದ್ದನೆಯ ಬಂದೂಕನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಬೆನ್ನಿಗೆ ಕೂಡಿಸಿದ್ದ ಹಿತ್ತಾಳೆಯ ದುರ್ಬೀನಿಗೆ ಕಣ್ಣಿಟ್ಟು, ಎದುರು ಮನೆಯ ಮಾಳಿಗೆಯ ಮೇಲೆ ಒಣಗುತ್ತಿದ್ದ ಹಪ್ಪಳ ನೋಡುತ್ತಿದ್ದರು.

"ಎಮ್ಮಿ ಎಲ್ಲಿ ಹೋತ್ರೀ?" ಅಂದೆ.

"ಮೆಹರುನ್ನಿಸಾ ಬೇಗಂ ಮನಿಗಿ ಹೋಗ್ಯಾದ. ಅಕಿ ಗಂಡ ತೀರಿಕೊಂಡ ಮ್ಯಾಲ ಈ ಬಂದೂಕು ಸುಮ್ನ ಗೋಡಿಗಿ ಜೋತುಬಿದ್ದಿತ್ತು. ಅವರಿಗಿ ಹಾಲು ಬೇಕಾಗಿತ್ತು, ನನಗ ಇದು ಬೇಕಾಗಿತ್ತು. ವಿಲಾಯತಿ ಮಾಲು, ಜಯದೇವಿ! ನೋಡ ಬಾ, ಹಪ್ಪಳದಾಗಿನ ಜೀರಗಿ ಸೈತ ಕಾಣ್ತದ."

ನಮ್ಮದು ಗುಲಬರ್ಗಾದ ಗಂಜ್ ಪೇಟೆಯಲ್ಲಿ ತೊಗರಿ ಮಾರುವ ಮನೆತನ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಒಲೆಯಲ್ಲಿ ಇರುವೆ ಸತ್ತರೂ ನಮ್ಮತ್ತೆ ಕಸ್ತೂರಿಬಾಯಿ ಹೊತ್ತು ಮುಳುಗುವ ತನಕ ಶಿವಶಿವ ಅನ್ನುತ್ತಿರುತ್ತಾರೆ. ಅಂಥ ಮನೆಗೆ ಬಂದೂಕು! ಅದಕ್ಕೆ ನಿಜಾಮ ಸರಕಾರದ ಪರವಾನಗಿಯನ್ನೂ ಮಾಡಿಸಿಕೊಂಡು ಬಂದಿದ್ದರು. ಬೇಡವಾಗಿದ್ದದ್ದು ನನ್ನ ಪರವಾನಗಿಯೊಂದೇ.

ಹೊಟ್ಟೆ ಉರಿದದ್ದು ಅದಕ್ಕೇ. ಮದುವೆಯಾದ ವರ್ಷ ಆ ಎಮ್ಮೆ ನಮ್ಮ ಗಾಡಿಯ ಹಿಂದೆ ಕಮಲಾಪುರದಿಂದ ನಡೆದು ಬಂದಿತ್ತು. ಅತ್ತೆಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟೆ.

ಮಹಾನವಮಿ ಬಂತು. ಖಂಡೆ ಪೂಜೆಗೆ ಮನೆಯಲ್ಲಿನ ತಕ್ಕಡಿ, ಕೊಡಲಿ, ಕುಡುಗೋಲು ಎಲ್ಲವನ್ನೂ ತೊಳೆದು ದೇವರ ಮುಂದೆ ಇಡುವುದು ಪದ್ಧತಿ. ಹಿತ್ತಾಳೆ ಕಂಡರೆ ಅತ್ತೆಯ ಕೈ ಸುಮ್ಮನಿರದು. ದುರ್ಬೀನಿಗೂ ಹುಣಸೆಹಣ್ಣು ಬೂದಿ ಹಚ್ಚಿ ಗಸಗಸ ತಿಕ್ಕಿದರು. ಅದಕ್ಕೆ ಎರಡು ತಿರುಪು ಇದ್ದವು. ನೆತ್ತಿಯ ಮೇಲಿನದು ದೂರಕ್ಕೆ. ಅದರ ಸುತ್ತ ಗಜದ ಲೆಕ್ಕ ಕೆತ್ತಿತ್ತು. ಪಕ್ಕದ್ದು ಗುರಿಯನ್ನು ಎಡಕ್ಕೆ ಬಲಕ್ಕೆ ಸರಿಸಲು. ಅದರ ಮೇಲೆ ಏನೂ ಬರೆದಿರಲಿಲ್ಲ. ಆ ಪಕ್ಕದ ತಿರುಪು ಅತ್ತೆಯ ಕೈಯಲ್ಲಿ ಟಿಕ್ ಟಿಕ್ ಅಂದಿತು.

"ಎವ್ವಾ, ಇದ್ರಾಗ ಹುಳ ಕೂತಾದೇನ?" ಅನ್ನುತ್ತ ಅವರು ಮತ್ತಷ್ಟು ಜೋರಾಗಿ ತಿಕ್ಕಿದರು. ದುರ್ಬೀನು ಫಳಫಳ ಹೊಳೆಯಿತು. ಮೂರು ಎಳೆ ವಿಭೂತಿ ಎಳೆದು ಚೆಂಡುಹೂವು ಏರಿಸಿದ್ದಾಯಿತು.

ಮರುದಿನ ದಸರೆಯಂದು ನಮ್ಮವರು ಕುಸನೂರ ದಾರಿಯ ಬಯಲಿನಲ್ಲಿ ನೂರು ಗಜ ದೂರಕ್ಕೆ ಒಂದು ದೊಡ್ಡ ಮಡಕೆ ಇಟ್ಟು, ನಡುಮಧ್ಯೆ ಸುಣ್ಣದ ಬೊಟ್ಟು ಹಚ್ಚಿ, ಗುಂಡು ಹಾರಿಸಿದರು. ಮಡಕೆ ಒಡೆಯಿತು. ಗಂಜಿನ ಜನ ಶಹಬ್ಬಾಸ್ ಅಂದರು, ಇವರ ಮೀಸೆ ಕಿವಿ ಮುಟ್ಟಿತು. ಗುಂಡು ಬೊಟ್ಟಿಗಿಂತ ಆರು ಬೆರಳು ಬಲಕ್ಕೆ, ಅಂಚಿಗೆ ಬಿದ್ದದ್ದನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ. ಮಾತು ಬಿಟ್ಟಿದ್ದೆನಲ್ಲ, ಹೇಳಲಿಲ್ಲ.

ಸಂಜೆ ಬನ್ನಿ ಕೊಡುತ್ತ "ಬಂಗಾರದಂಗ ಇರೋಣು" ಅಂದರು. "ಎಮ್ಮಿ ಗೂಟಕ್ಕ ಬಂದ ದಿನ ಇರೋಣು" ಅಂದು ನಾನು ಕಮಲಾಪುರದ ಗಾಡಿ ಹತ್ತಿದೆ.

ದೀಪಾವಳಿಗೆ ಅಳಿಯ ಬರಲೇಬೇಕಲ್ಲ, ಬಂದರು. ಹೆಗಲ ಮೇಲೆ ಬಂದೂಕು! ನಮ್ಮವ್ವ ಚಂದಮ್ಮ ಎಣ್ಣೆ ಹಚ್ಚಿ ಎರೆದು, ಆರತಿ ಮಾಡಿ, ಹೋಳಿಗೆ ಬಡಿಸಿದಳು. ಬಡಿಸುತ್ತ ತನ್ನ ಗೋಳನ್ನೂ ಬಡಿಸಿದಳು. ಕೆಂಪು ಮಣ್ಣಿನಲ್ಲಿ ಅವಳು ಬೆಳೆಸಿದ ಕೆಂಪು ಬಾಳೆಗೆ ಕರಿಮೂತಿಯ ಮುಸುವಗಳ ಹಿಂಡು ಬೀಳುತ್ತಿತ್ತು. ಹೊಡೆಯುವಂತಿಲ್ಲ, ಮಾರುತಿಯ ಬಳಗ.

ಇವರು ಹೋಳಿಗೆ ಮುರಿಯುವುದನ್ನು ಬಿಟ್ಟು ಎದೆ ಉಬ್ಬಿಸಿದರು. "ಮುಸುವಕ್ಕ ಯಾಕ ಹೊಡೀಬೇಕ್ರೀ ಅತ್ತಿ? ನಿಮ್ಮ ಹಳೀ ಹಂಡೆ ತ್ವಾಟದ ನಡುವ ಜೋತುಬಿಡ್ರಿ. ಮಾಳಿಗಿ ಮ್ಯಾಲಿಂದ ಹಂಡೆಗಿ ಗುಂಡು ಹೊಡೀತೀನಿ. ಆ ಸಪ್ಪಳಕ್ಕ ಒಂದೂ ನಿಲ್ಲಂಗಿಲ್ಲ."

"ಕೋಲಿಲೆ ಬಡದ್ರ ಸಪ್ಪಳ ಆಗಂಗಿಲ್ಲೇನ್ರೀ ಅಳಿಯಂದ್ರ?" ಅಂದಳು ಅವ್ವ.

"ಕೋಲಿಗಿ ನೀವು ತ್ವಾಟಕ್ಕ ನಡೀಬೇಕು. ಗುಂಡು ತಾನೇ ನಡೀತದ."

ಅವ್ವನಿಗೆ ಮೊಣಕಾಲು ನೋವು. ಆ ಮಾತು ಹಿಡಿಸಿಬಿಟ್ಟಿತು. ನಾನು ಬಾಗಿಲ ಮರೆಯಿಂದ ಈಚೆ ಬಂದೆ. "ಮೂರು ಗುಂಡು," ಅಂದೆ. "ಮೂರರಾಗ ಹಂಡೆ ಬಾರಿಸಿದ್ರ ಬಾಯಿ ಮುಚ್ಕೊಂಡು ನಿಮ್ಮ ಹಿಂದ ಬರ್ತೀನಿ, ಎಮ್ಮಿ ಹೆಸರು ಎತ್ತಂಗಿಲ್ಲ. ತಪ್ಪಿದ್ರ ಬಂದೂಕು ಬೇಗಂ ಮನಿಗಿ, ಎಮ್ಮಿ ನಮ್ಮ ಗೂಟಕ್ಕ. ಆಮ್ಯಾಲ ನಾನು."

"ಆಗ್ಲಿ. ಈಗೇ ಗಂಟು ಕಟ್ಕೋ," ಅಂದರು. ಹಲ್ಲು ಕಡಿದೆ.

ಊರಿಗೆ ಊರೇ ಮಾಳಿಗೆ ಏರಿತು. ತೋಟದಿಂದ ಜನರನ್ನೆಲ್ಲ ಹೊರಗೆ ಕಳಿಸಿದ್ದಾಯಿತು. ನಾನೂರು ಗಜ ದೂರದಲ್ಲಿ, ಕೆಂಪು ದಿಬ್ಬದ ಮುಂದೆ ಹಂಡೆ ತೂಗುತ್ತಿತ್ತು. ಇವರು ನೆತ್ತಿಯ ತಿರುಪನ್ನು ನಾನೂರಕ್ಕೆ ತಿರುಗಿಸಿ, ಅಂಗಾತ ಮಲಗಿ, ಅದು ಸರಿಬರದೆ ಬೋರಲು ಮಲಗಿ, ಗುಂಡು ಹಾರಿಸಿದರು. ಹಂಡೆಯ ಬಲಕ್ಕೆ, ನಡುವಿನಿಂದ ಒಂದು ಮೊಳ ಆಚೆ, ದಿಬ್ಬದಲ್ಲಿ ಕೆಂಪು ಧೂಳು ಎದ್ದಿತು. ಮುಸುವಗಳು ತಲೆ ಎತ್ತಿ ನೋಡಿ ಮತ್ತೆ ತಿನ್ನತೊಡಗಿದವು.

"ಗಾಳಿ ಅದ," ಅಂದರು.

ಒಂದೆಲೆ ಅಲುಗುತ್ತಿರಲಿಲ್ಲ. ಎರಡನೆಯ ಗುಂಡೂ ಅಲ್ಲೇ ಬಿತ್ತು. "ಆ ಬೇಗಂ ಡೊಂಕು ಬಂದೂಕು ಕೊಟ್ಟಾಳ" ಅಂದರು. ಕುಣಿಯಲಾರದವಳಿಗೆ ನೆಲ ಡೊಂಕು! ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರೆ ಎಮ್ಮೆ ನನ್ನದಾಗುತ್ತಿತ್ತು. ಆದರೆ ಹಾಲಿಗಾಗಿ ಬಂದೂಕು ಕೊಟ್ಟ ವಿಧವೆಯ ಮೇಲೆ ಸುಳ್ಳು ಹೊರಿಸಿದರೆ ಸಹಿಸುವುದು ಹೇಗೆ?

"ಬಂದೂಕು ನೆಟ್ಟಗದ. ಖಂಡೆ ಪೂಜಿ ದಿನ ನಿಮ್ಮವ್ವ ಪಕ್ಕದ ತಿರುಪು ತಿಕ್ಕಿ ತಿಕ್ಕಿ ತಿರುಗಿಸ್ಯಾರ. ಎಡಕ್ಕ ಸರಸ್ರಿ," ಅಂದೆ.

ಅವರ ಮುಖ ಅರಳಿತು. "ಹೌದಲ್ಲ! ನೂರು ಗಜಕ್ಕ ಒಂದು ಟಿಕ್ಕಿಗಿ ಒಂದು ಬೆರಳು ಅಂತ ಬೇಗಂ ಹೇಳ್ಯಾಳ. ಮೊಳಕ್ಕ ಇಪ್ಪತ್ತನಾಕು ಬೆರಳು."

"ಅದು ನೂರು ಗಜಕ್ಕರೀ. ಇಲ್ಲಿ..."

"ನೀ ಸುಮ್ಕಿರು. ಇದು ಹೆಂಗಸರ ಲೆಕ್ಕ ಅಲ್ಲ."

ಇಪ್ಪತ್ತನಾಲ್ಕು ಟಿಕ್ ತಿರುಗಿಸಿ ಮೂರನೆಯದನ್ನು ಹಾರಿಸಿದರು. ಹಂಡೆಯ ಎಡಕ್ಕೆ ಮೂರು ಮೊಳ ಆಚೆ, ಶರಣಬಸಪ್ಪನ ಗುಡಿಗೆಂದು ಅವ್ವ ಮುಡಿಪಿಟ್ಟಿದ್ದ ಬಾಳೆಗೊನೆ ಚೂರುಚೂರಾಗಿ ನೆಲಕ್ಕೆ ಬಿತ್ತು. ಮುಸುವಗಳು ಕುಣಿಯುತ್ತ ಇಳಿದು ಬಂದು ಆ ಹಣ್ಣಿಗೆ ಮುತ್ತಿದವು.

"ಅಯ್ಯೋ ನನ್ನ ಶಿವನೇ! ಮುಸುವನೇ ಚಲೋ ಇತ್ತು, ಈ ಅಳಿಯ ಬ್ಯಾಡಾಗಿತ್ತು!" ಅಂತ ಅವ್ವ ಎದೆ ಬಡಿದುಕೊಂಡಳು.

ಪಕ್ಕದ ಮಾಳಿಗೆಯಿಂದ ನೆರೆಮನೆಯ ಮರೆಪ್ಪ ನನ್ನ ಗಂಡನಿಗೆ ಕೂಗಿ ಹೇಳಿದ, "ಸೂಗಪ್ಪಣ್ಣ, ಎಲಿ ಹಾಸ್ಲೇನು? ಮುಸುವಗಳಿಗಿ ಬರೋಬ್ಬರಿ ಪಂಕ್ತಿ ಕೂಡಿಸ್ದಿ!"

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಮ್ಮವರು ಬಂದೂಕು ಪಕ್ಕಕ್ಕಿಟ್ಟು ಕೂತರು. ಮೀಸೆ ಇಳಿಬಿದ್ದಿತ್ತು. "ಸೋತೀನಿ. ಎಮ್ಮಿ ನಿಂದು," ಅಂದರು ಮೆಲ್ಲಗೆ.

ಗೆದ್ದೆ. ಆದರೆ ಗೆದ್ದ ಖುಷಿ ಬರಲಿಲ್ಲ, ಸಂಕಟ ಬಂತು. ನನ್ನ ಗಂಡನನ್ನು ಬೈಯುವುದು ನನ್ನ ಹಕ್ಕು. ಅದನ್ನು ಮರೆಪ್ಪನಿಗೆ ಯಾರು ಕೊಟ್ಟರು?

"ಇನ್ನೊಂದು ಗುಂಡು ಅದ ಏನ್ರೀ?" ಅಂದೆ.

"ಅದ. ಏನು ಮಾಡ್ಲಿ ಅದನ್ನ?" ತಲೆ ಎತ್ತಿ ನನ್ನ ಮುಖ ನೋಡಿದರು. "ನೀನೇ ಹೇಳು. ಎಷ್ಟು ತಿರುವ್ಲಿ?"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಮದುವೆಯಾಗಿ ಅಷ್ಟು ವರ್ಷದಲ್ಲಿ ಈ ಬಾಯಿಂದ ನನಗೆ ಬಂದ ಮೊದಲ ಪ್ರಶ್ನೆ ಅದು. ಅಡುಗೆಗೆ ಏನು ಮಾಡಿದ್ದೀ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಾಳಿಗೆಯ ಮೆಟ್ಟಿಲಿಗೆ ಒಂದು ಬಾಗಿಲಿತ್ತು. ಅದನ್ನು ಚೂರು ತೆರೆದೆ. "ನೋಡ್ರಿ, ಕೀಲಿನ ಹತ್ರ ಬೆರಳಷ್ಟು ಸಂದಿ. ಈ ತುದ್ಯಾಗ ಗೇಣು. ಬಾಗಿಲ ತೆಗೆದದ್ದು ಒಂದೇ, ದೂರ ಹೋದಂಗ ಸಂದಿ ಅಗಲ ಆಗ್ತದ. ತಿರುಪೂ ಹಂಗೇ. ನೂರು ಗಜಕ್ಕ ಒಂದು ಬೆರಳು ಸರಿಸೋ ಟಿಕ್ಕು ನಾನೂರು ಗಜಕ್ಕ ನಾಕು ಬೆರಳು ಸರಸ್ತದ. ದಸರಾ ದಿನ ಮಡಕಿ ಮ್ಯಾಲ ಗುಂಡು ಆರು ಬೆರಳು ಬಲಕ್ಕ ಬಿದ್ದಿತ್ತು, ನಾ ನೋಡೀನಿ. ಅಂದ್ರ ಅತ್ತಿ ತಿರುವಿದ್ದು ಆರೇ ಟಿಕ್ಕು. ನೀವು ಇಪ್ಪತ್ತನಾಕು ತಿರುವೀರಿ. ಹದಿನೆಂಟು ವಾಪಸ್ ತಿರುವ್ರಿ."

"ದಸರಾಕ್ಕೇ ನೋಡಿದ್ದಿ? ಮತ್ತ ಹೇಳಲಿಲ್ಲ ಯಾಕ?"

"ಕೇಳಿದ್ರೇನು?"

ಅವರು ತಿರುಪಿಗೆ ಕೈ ಹಾಕಿದರು. ಟಿಕ್, ಟಿಕ್, ಟಿಕ್. ಮಧ್ಯೆ ಎರಡು ಸಲ ನಿಂತು "ಬರೋಬ್ಬರಿ ಅದ ಏನು?" ಅಂದರು. ಆಮೇಲೆ ಮಲಗಿ, ಉಸಿರು ಬಿಗಿಹಿಡಿದು, ಗುಂಡು ಹಾರಿಸಿದರು.

ಢಣ್!

ಅವ್ವನ ಹಂಡೆ ಗಿರಗಿರ ತಿರುಗಿತು. ಮುಸುವಗಳು ಬಾಯಲ್ಲಿದ್ದ ಹಣ್ಣನ್ನೂ ಉಗುಳಿ, ಬೇಲಿ ಹಾರಿ, ನೆಟ್ಟಗೆ ಮರೆಪ್ಪನ ತೋಟಕ್ಕೆ ನುಗ್ಗಿದವು. ಮರೆಪ್ಪನ ನಗು ಅಲ್ಲಿಗೆ ನಿಂತಿತು. ಕೋಲು ಹುಡುಕುತ್ತ ಮಾಳಿಗೆ ಇಳಿದು ಓಡಿದ.

ಮರುದಿನ ಇಬ್ಬರೂ ಗುಲಬರ್ಗಾದ ದಾರಿ ಹಿಡಿದೆವು. ಅವರು ಗಾಡಿ ಹೊಡೆಯುತ್ತಿದ್ದರು, ಬಂದೂಕು ನನ್ನ ತೊಡೆಯ ಮೇಲಿತ್ತು. ಊರ ಅಗಸಿಬಾಗಿಲು ದಾಟಿದ ಮೇಲೆ ದುರ್ಬೀನಿಗೆ ಕಣ್ಣಿಟ್ಟು ಹಿಂದಕ್ಕೆ ನೋಡಿದೆ. ಅವ್ವ ಮಾಳಿಗೆಯ ಮೇಲೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು ಕಂಡಿತು. ಬರಿಗಣ್ಣಿಗೆ ಅವಳು ಒಂದು ಚುಕ್ಕೆ. ಹಾಳಾದ್ದು, ಚಲೋ ವಸ್ತುವೇ ಇತ್ತು.

"ಜಯದೇವಿ," ಅಂದರು ಎತ್ತುಗಳ ಕಡೆ ನೋಡುತ್ತ, "ಹಂಡೆ ಬಾರಿಸಿದ್ದು ನಾಕನೇ ಗುಂಡು. ಮಾತಿನ ಪ್ರಕಾರ ನಾ ಸೋತೀನಿ. ನೆಟ್ಟಗ ಬೇಗಂ ಮನಿಗಿ ಹೋಗಿ ಎಮ್ಮಿ ಹೊಡ್ಕೊಂಡು ಬರೋಣು. ಆದ್ರ ಬಂದೂಕಿನ ಬದ್ಲಿಗಿ ಗಂಜಿನ ತೊಗರಿ ಕೊಡ್ತೀವಿ ಅಂತ ಒಮ್ಮೆ ಕೇಳಿ ನೋಡ್ಲೇನು? ನೀ ಹೂಂ ಅಂದ್ರ ಮಾತ್ರ."

ಹೂಂ ಅನ್ನುವುದು ನನಗೆ ಕಷ್ಟವಿರಲಿಲ್ಲ. ದುರ್ಬೀನಿನಿಂದ ಕಣ್ಣು ತೆಗೆಯಲು ನನಗೇ ಮನಸ್ಸಿರಲಿಲ್ಲ. ಆದರೆ ಅವರು ಹಗ್ಗ ಹಿಡಿದುಕೊಂಡು ಉತ್ತರಕ್ಕಾಗಿ ಕಾಯುತ್ತಿದ್ದರು. ಅವರು ನನಗಾಗಿ ಕಾಯುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ವಿಚಾರ ಮಾಡ್ತೀನಿ, ಗಾಡಿ ಹೊಡೀರಿ," ಅಂದೆ. ಗುಲಬರ್ಗಾ ಬರುವ ತನಕ ಹೂಂ ಅನ್ನಲಿಲ್ಲ.