ಮೂಲೆಮನೆಯ ಗೋಡೆ

“ಹೆಗಲು ಕೊಡಬೇಕಾ? ನಿಮ್ಮಪ್ಪನಿಗಾ?” ದರ್ಜಿ ಬಾಯಲ್ಲಿದ್ದ ಗುಂಡುಸೂಜಿ ಉಗುಳಿ, ಇಡೀ ಗಲ್ಲಿಗೆ ಕೇಳುವಂತೆ ಅಂದ. “ಆ ಬುಲ್ಡೋಜರ್ ಮೇಲೇ ಹಾಕ್ಕೊಂಡು ಹೋಗು! ನಮ್ಮ ಮನೆ-ಅಂಗಡಿ ಮುರಿದದ್ದು ಅದೇ ತಾನೆ, ಅವನನ್ನೂ ಹೊರಲಿ. ಕಟ್ಕೊಂಡ ಹೆಂಡತಿಯ ಅಡುಗೆಮನೆನೇ ಬಿಡದ ನಾಯಿ!”

ಬಾಗಿಲುಗಳಲ್ಲಿ ನಿಂತವರು ಯಾರೋ ಕಿಸಕ್ಕನೆ ನಕ್ಕರು. ಮಗನ ಕೈ ತುರಿಸಿತು. ಆದರೆ ಹೊಡೆದರೆ ಹೆಗಲು ಸಿಕ್ಕೀತೇ? ಅಪ್ಪ ಒಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಹೊರಲು ತಾನು, ಸೋದರಮಾವ, ಶವದ ವ್ಯಾನಿನ ಡ್ರೈವರ್. ನಾಲ್ಕನೆಯವನಿಗಾಗಿ ಬೆಳಗಿನಿಂದ ಕಂಡಕಂಡ ಬಾಗಿಲು ತಟ್ಟಿದ್ದ. ವ್ಯಾನು ಒಳಗೆ ಬರುವ ಹಾಗಿರಲಿಲ್ಲ. ಗಲ್ಲಿಯ ಬಾಯಲ್ಲೇ ಮೂಲೆಮನೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು.

“ಬಿಡೋ, ಹೊತ್ತೇರ್ತಾ ಇದೆ. ಮೂರೇ ಜನ ಎತ್ತೋಣ,” ಅಂದ ಮಾವ.

“ಬೀಳಿಸ್ತೀವಿ ಮಾವ.”

“ಬಿದ್ರೆ ಇನ್ನೊಂದ್ಸಲ ಸಾಯ್ತಾನಾ?” ಅಂದವನೇ ಮಾವ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

*

ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವ ಆದೇಶ ಬಂದಾಗ ಮನೆಗಳ ಮೇಲೆಲ್ಲ ಕೆಂಪು ಗೆರೆ ಬಿದ್ದಿತ್ತು. ನಗರಸಭೆಯ ಬುಲ್ಡೋಜರ್ ಓಡಿಸುತ್ತಿದ್ದವನು ಅಪ್ಪ. ಯಂತ್ರವನ್ನು ಮೊದಲು ತಂದು ನಿಲ್ಲಿಸಿದ್ದು ತನ್ನ ಮನೆಯೆದುರಿಗೇ.

“ಪಾತ್ರೆ ಎತ್ಕೊಳ್ಳೇ. ಒಲೆ ಗೆರೆ ದಾಟಿದೆ.”

“ನಿಮಗೇನು ತಲೆ ಕೆಟ್ಟಿದೆಯಾ? ಬೇರೆ ಯಾರಾದ್ರೂ ಬಂದು ಕೆಡವಲಿ. ನೀವ್ಯಾಕೆ?”

“ನಮ್ಮದು ಉಳಿಸ್ಕೊಂಡು ಪಕ್ಕದವರ ಗೋಡೆ ಯಾವ ಮುಖ ಹೊತ್ತು ಮುಟ್ಲಿ? ಕಾನೂನು ಅಂದ್ಮೇಲೆ ಎಲ್ಲರಿಗೂ ಒಂದೇ.”

ಅಮ್ಮ ಕುದಿಯುವ ಪಾತ್ರೆಯನ್ನು ಸೆರಗಲ್ಲೇ ಹಿಡಿದು ಹೊರಬಂದಳು. ಗೋಡೆ ಬಿತ್ತು. ಆಮೇಲೆ ದರ್ಜಿಯ ಅಂಗಡಿ, ಆಮೇಲೆ ಸಾಲಾಗಿ ಎಲ್ಲರದ್ದೂ. ಸಂಜೆ ಮೂಲೆಮನೆಯ ಸರದಿ ಬಂದಾಗ ನಗರಸಭೆಯ ಸಾಹೇಬರು ಫೋನು ಕಿವಿಗಿಟ್ಟುಕೊಂಡೇ ಕೈ ಅಡ್ಡ ಹಿಡಿದರು. “ನಿಲ್ಲಿಸಯ್ಯಾ. ಕೋರ್ಟಿನ ತಡೆಯಾಜ್ಞೆ ಇದೆ.”

ಅಪ್ಪ ಎಂಜಿನ್ ಆರಿಸಿ ಕೆಳಗಿಳಿದ.

“ಅದೊಂದನ್ನ ಯಾಕಪ್ಪ ಬಿಟ್ಟೆ?” ಮಗ ಕೇಳಿದ್ದ.

“ಕೋರ್ಟು ಬೇಡ ಅಂತು. ಅದೂ ಕಾನೂನೇ ಅಲ್ವೇನೋ? ಇವತ್ತಲ್ಲ ನಾಳೆ ತಡೆ ತೆರವಾಗುತ್ತೆ.”

ತೆರವಾಗಲಿಲ್ಲ. ರಸ್ತೆಯೂ ಬರಲಿಲ್ಲ. ಮೂಲೆಮನೆಯ ಮೇಲೆ ಇನ್ನೊಂದು ಮಹಡಿ ಬಂತು. ತಗಡಿನ ಮರೆಯಲ್ಲಿ ಅಮ್ಮ ಅಡುಗೆ ಮಾಡಿದಳು. ಗಲ್ಲಿಯವರು ಅಪ್ಪನ ಜೊತೆ ಮಾತು ಬಿಟ್ಟರು. ನಿವೃತ್ತನಾದ ಮೇಲೂ ಅವನು ಕಚೇರಿಗೆ ಹೋಗಿ ಕೇಳುತ್ತಿದ್ದ: “ತೆರವಾಯ್ತಾ ಸ್ವಾಮಿ?” ಅಲ್ಲಿನವರು ಅವನಿಗೆ ‘ತೆರವಪ್ಪ’ ಅಂತಲೇ ಹೆಸರಿಟ್ಟಿದ್ದರು. ಆಸ್ಪತ್ರೆಯ ಹಾಸಿಗೆಯಲ್ಲಿ ಮಗನ ಕೈ ಹಿಡಿದು ಕೇಳಿದ್ದೂ ಅದನ್ನೇ.

*

ಪೆಟ್ಟಿಗೆ ಎತ್ತಲು ಬಗ್ಗಿದಾಗ ಪಕ್ಕದಲ್ಲಿ ಇನ್ನೊಂದು ಹೆಗಲು ಬಂತು. ದರ್ಜಿ. ಅಳತೆಯ ಟೇಪು ಕೊರಳಲ್ಲಿ ಹಾಗೇ ನೇತಾಡುತ್ತಿತ್ತು.

“ನಿಮ್ಮಪ್ಪನಿಗಲ್ಲ, ತಿಳ್ಕೋ. ಅವತ್ತು ನನ್ನ ಹೊಲಿಗೆ ಮಿಷನ್ ಹೊರಗೆಳೆಯೋಕೆ ಕೈ ಕೊಟ್ಟವಳು ನಿಮ್ಮಮ್ಮ. ತನ್ನ ಒಲೆ ಮಣ್ಣುಪಾಲಾಗಿತ್ತು, ಆದ್ರೂ ಬಂದ್ಲು.”

ಗಲ್ಲಿಯ ಬಾಯಲ್ಲಿ ಪೆಟ್ಟಿಗೆ ತಿರುಗಲೊಲ್ಲದು. ಹಿಂದೆ ಸರಿದರು, ಓರೆ ಮಾಡಿದರು. ಒಳಗೆ ಅಪ್ಪನ ತಲೆ ಹಲಗೆಗೆ ಬಡಿದ ಸದ್ದು ಮಗನ ಕಿವಿಯ ಪಕ್ಕದಲ್ಲೇ ಕೇಳಿಸಿತು.

ಮೂಲೆಮನೆಯ ಯಜಮಾನರು ಬಾಲ್ಕನಿಯಿಂದ ಬಗ್ಗಿ ನೋಡಿದರು. “ಪಾಪ, ಕಾನೂನು ಮೀರದ ಮನುಷ್ಯ. ಅಂಥವರು ಈಗೆಲ್ಲಿ?” ಎಂದು ಲೊಚಗುಟ್ಟಿದರು. ಆಮೇಲೆ, “ನೋಡ್ಕೊಂಡು ಕಣಪ್ಪಾ, ಗೋಡೆಗೆ ತಾಗಿಸ್ಬೇಡಿ. ಮೊನ್ನೆ ತಾನೆ ಬಣ್ಣ ಹೊಡೆಸಿದ್ದೀನಿ.”

ದರ್ಜಿ ಮಗನ ಮುಖ ನೋಡಿದ. ಮಗ ಮೇಲೆ ನೋಡಲಿಲ್ಲ. ಪೆಟ್ಟಿಗೆಯ ಮೂಲೆಗೆ ಬಡಿದಿದ್ದ ತಗಡನ್ನು ಗೋಡೆಗೆ ಒತ್ತಿ ಹೆಜ್ಜೆಯಿಟ್ಟ. ಕರ್ರನೆ ಸದ್ದಾಯಿತು. ದರ್ಜಿಯೂ ತನ್ನ ಕಡೆಯಿಂದ ಹೆಗಲು ಒತ್ತಿದ.

“ಏಯ್! ಏಯ್, ಕಿವಿ ಕೇಳಲ್ವೇನೋ ನಿನಗೆ?”

ಹೊಸ ಬಣ್ಣದ ಮೇಲೆ, ಗೋಡೆಯುದ್ದಕ್ಕೂ, ಗಾರೆ ಉದುರಿ ಇಟ್ಟಿಗೆ ಕಾಣುವಂತೆ ಒಂದು ಕೆಂಪು ಗೆರೆ ಎದ್ದಿತು. ಮಗ ಪೆಟ್ಟಿಗೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ವ್ಯಾನಿನತ್ತ ನಡೆದ.